ಹಳೆಯ ಪ್ರಮಾಣಪತ್ರಗಳನ್ನು ನಾನು ಓದಲು ಕಲಿತ ಬಗೆ

ನನ್ನ ಪತ್ನಿಯ ತಾಯಿಯ ಕಡೆಯ ಹಿರಿಯರು ಇಂಗ್ಲೆಂಡಿನವರು. ಅವರ ವಂಶಾವಳಿಯನ್ನು ಕೂಡಿಸಲು ಹೊರಟಾಗ ನನಗೆ ಮೊದಲು ದೊರೆತದ್ದು 1868ರ ಒಂದು ಜನನ ಪ್ರಮಾಣಪತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಸರ್ಕಾರದ ದಾಖಲೆ ಎಂಬ ಒಂದೇ ಕಾರಣಕ್ಕೆ ಅದರಲ್ಲಿದ್ದ ಎಲ್ಲವನ್ನೂ ನಿಜವೆಂದು ನಾನು ಬರೆದುಕೊಂಡೆ. ಮಗು ಹುಟ್ಟಿದ್ದು ಮಾರ್ಚ್ 9, ನೋಂದಣಿಯಾದದ್ದು ಏಪ್ರಿಲ್ 18, ಮಾಹಿತಿ ಕೊಟ್ಟವಳು ತಾಯಿ.

ಕೆಲವು ತಿಂಗಳ ನಂತರ ಚರ್ಚಿನ ದಾಖಲೆಯನ್ನು ನೋಡಿದಾಗ, ಅದೇ ಮಗುವಿಗೆ ಮಾರ್ಚ್ 1ರ ಭಾನುವಾರ ದೀಕ್ಷಾಸ್ನಾನವಾಗಿದ್ದುದು ತಿಳಿಯಿತು, ಅಂದರೆ ಪ್ರಮಾಣಪತ್ರದ ಪ್ರಕಾರ ಹುಟ್ಟುವುದಕ್ಕೆ ಎಂಟು ದಿನ ಮೊದಲೇ. ಹುಟ್ಟಿದ ದಿನ ಫೆಬ್ರವರಿ 20 ಎಂದು ಪಾದ್ರಿ ಅಂಚಿನಲ್ಲಿ ಗುರುತಿಸಿದ್ದರು. ಆಗಿನ ನಿಯಮದಂತೆ 42 ದಿನಗಳೊಳಗೆ ನೋಂದಾಯಿಸದಿದ್ದರೆ ಶುಲ್ಕ ತೆರಬೇಕಿತ್ತು. ಫೆಬ್ರವರಿ 20ರಿಂದ ಎಣಿಸಿದರೆ ಏಪ್ರಿಲ್ 18ಕ್ಕೆ 58 ದಿನಗಳಾಗುತ್ತವೆ, ಮಾರ್ಚ್ 9ರಿಂದ ಎಣಿಸಿದರೆ 40. ತಾಯಿ ಶುಲ್ಕ ಉಳಿಸಲೆಂದೇ ದಿನಾಂಕವನ್ನು ಮುಂದೂಡಿ ಹೇಳಿದಳೆಂಬುದು ನನ್ನ ತೀರ್ಮಾನ. ನೋಂದಣಾಧಿಕಾರಿ ಎದುರಿಗಿದ್ದವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದನೇ ಹೊರತು ಅದನ್ನು ಪರೀಕ್ಷಿಸುತ್ತಿರಲಿಲ್ಲ. ಹಾಗಾಗಿ ಈಗ ಯಾವ ಪ್ರಮಾಣಪತ್ರ ಬಂದರೂ ಮಾಹಿತಿ ಕೊಟ್ಟವರ ಅಂಕಣವನ್ನೇ ನಾನು ಮೊದಲು ಓದುತ್ತೇನೆ. ಅವರಿಗೆ ಏನು ಗೊತ್ತಿರಲು ಸಾಧ್ಯವಿತ್ತು, ಯಾವುದನ್ನು ಬೇರೆಯಾಗಿ ಹೇಳಲು ಕಾರಣವಿತ್ತು ಎಂದು ಯೋಚಿಸಿದ ಮೇಲೆಯೇ ಉಳಿದ ಅಂಕಣಗಳಿಗೆ ಹೋಗುತ್ತೇನೆ.

ಅದೇ ಪತ್ರದಲ್ಲಿ ತಾಯಿಯ ಹೆಸರಿನೊಂದಿಗೆ ಮೂರು ಕುಲನಾಮಗಳಿದ್ದವು. ಎರಡನೆಯದರ ಹಿಂದೆ ‘ಲೇಟ್’ ಎಂದೂ ಮೂರನೆಯದರ ಹಿಂದೆ ‘ಫಾರ್ಮರ್ಲಿ’ ಎಂದೂ ಬರೆದಿತ್ತು. ನಮ್ಮಲ್ಲಿ ‘ಲೇಟ್’ ಎಂದರೆ ದಿವಂಗತರು ಎಂಬ ಅರ್ಥವೇ ರೂಢಿಯಾದ್ದರಿಂದ, ನಾನು ಸ್ವಲ್ಪ ಕಾಲ ತಾಯಿ ಹೆರಿಗೆಯಲ್ಲಿ ತೀರಿಕೊಂಡಳೆಂದೇ ನಂಬಿದ್ದೆ. ಮಾಹಿತಿ ಕೊಟ್ಟವಳು ಅವಳೇ ಎಂಬುದನ್ನು ಮತ್ತೆ ಗಮನಿಸಿದಾಗ ತಪ್ಪು ಅರಿವಾಯಿತು. ‘ಫಾರ್ಮರ್ಲಿ’ ಎಂಬುದರ ಮುಂದಿನದು ತವರಿನ ಕುಲನಾಮ, ‘ಲೇಟ್’ ಎಂಬುದರ ಮುಂದಿನದು ಹಿಂದಿನ ಮದುವೆಯಿಂದ ಬಂದದ್ದು. ತವರಿನ ಹೆಸರಿನಲ್ಲಿ ಎಷ್ಟು ಹುಡುಕಿದರೂ ಸಿಗದಿದ್ದ ಮದುವೆ, ಈ ನಡುವಿನ ಹೆಸರಿನಲ್ಲಿ ಹುಡುಕಿದ ಕೂಡಲೇ 1866ರ ಸೂಚಿಯಲ್ಲಿ ಸಿಕ್ಕಿತು. ತರಿಸಿಕೊಂಡ ಮದುವೆಯ ಪತ್ರದಲ್ಲಿ ವಧು ವಿಧವೆ ಎಂದು ನಮೂದಾಗಿತ್ತು.

ಮದುವೆಯ ಪತ್ರದಲ್ಲಿ ವರನ ವಯಸ್ಸಿನ ಜಾಗದಲ್ಲಿ ‘ಆಫ್ ಫುಲ್ ಏಜ್’ ಎಂದಷ್ಟೇ ಇತ್ತು. ಅದಕ್ಕೆ 21 ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ. ನಾನು 21 ಎಂದೇ ಹಿಡಿದು 1845ರ ಸುತ್ತ ಹುಡುಕಿ ಸಮಯ ಕಳೆದೆ. ಅವನು ಹುಟ್ಟಿದ್ದು 1841ರಲ್ಲಿ. ವರನ ತಂದೆ ಬಡಗಿ ಎಂದು ಹೆಸರು ಸಮೇತ ಬರೆದಿದ್ದರೂ, ವರನ ಜನನ ಪತ್ರದಲ್ಲಿ ತಂದೆಯ ಅಂಕಣದಲ್ಲಿ ಒಂದು ಗೆರೆ ಮಾತ್ರ ಇತ್ತು. 1851ರ ಜನಗಣತಿಯಲ್ಲಿ ಹುಡುಗ ಅದೇ ಬಡಗಿಯ ಮನೆಯಲ್ಲಿದ್ದಾನೆ, ಆದರೆ ಮೊಮ್ಮಗನಾಗಿ. ಸಾಕಿದ ಅಜ್ಜನನ್ನೇ ಅವನು ಮದುವೆಯ ದಿನ ತಂದೆ ಎಂದು ಹೇಳಿದ್ದ. ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ.

ಕೇಂದ್ರ ಕಚೇರಿಯಿಂದ ಬಂದ ಆ ಮದುವೆ ಪತ್ರ, ಮೂಲ ಪುಸ್ತಕದಿಂದ ಬರೆದು ಕಳುಹಿಸಿದ ಪ್ರತಿಯನ್ನು ಆಧರಿಸಿದ್ದು. ಆದ್ದರಿಂದ ಅದರ ಸಹಿಗಳು ದಂಪತಿಗಳ ಕೈಬರಹವಲ್ಲ. ನಿಜವಾದ ಸಹಿಗಳಿಗಾಗಿ ಚರ್ಚಿನಲ್ಲೇ ಉಳಿದ ಪುಸ್ತಕದ ಪುಟದ ಚಿತ್ರವನ್ನು ತರಿಸಿಕೊಂಡೆ. ವರ ನಿಧಾನವಾಗಿ, ದುಂಡಗೆ ಹೆಸರು ಬರೆದಿದ್ದಾನೆ. ಎರಡು ವರ್ಷಗಳ ನಂತರ ಮಗಳ ಜನ್ಮದಿನವನ್ನು ಮುಂದೂಡಿ ಹೇಳಲಿದ್ದ ವಧು, ತನ್ನ ಹೆಸರಿನ ಜಾಗದಲ್ಲಿ ಗುಣಾಕಾರದ ಗುರುತೊಂದನ್ನು ಹಾಕಿದ್ದಾಳೆ.