ಗ್ಲಾಕೋಮಾ ಡ್ರಾಪ್ಸ್: ಹಾಕುವ ಕ್ರಮ, ಕೊಡುವ ಕಿರಿಕಿರಿ

ಮೊದಲೇ ಹೇಳಿಬಿಡುತ್ತೇನೆ, ಗ್ಲಾಕೋಮಾ ಅಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಹೋಗುವ ರೋಗ, ಅದಕ್ಕೆ ಕೊಡುವ ಈ ಡ್ರಾಪ್ಸ್ ಹಾಕಿದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಕಣ್ಣಿನೊಳಗಿನ ಒತ್ತಡ ಇಳಿಸಿ ಉಳಿದ ದೃಷ್ಟಿಯನ್ನು ಕಾಪಾಡುವುದಷ್ಟೇ ಅದರ ಕೆಲಸ. ಇದು ಗೊತ್ತಿಲ್ಲದೆ ನಮ್ಮ ಕಾಸರಗೋಡು ಕಡೆ ಎಷ್ಟೋ ಹಿರಿಯರು ಮಂಗಳೂರಿಗೆ ಹೋಗಿ ತೋರಿಸಿ ಬಂದು, ಒಂದು ಬಾಟ್ಲಿ ಮುಗಿಸಿ, "ಏನೂ ಗುಣ ಇಲ್ಲ, ಉರಿ ಬೇರೆ" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಹೆಚ್ಚಿನವರಿಗೆ ನೋವೇ ಇಲ್ಲದ ರೋಗ ಅಲ್ವಾ, ಬಿಟ್ಟದ್ದು ತಕ್ಷಣ ಗೊತ್ತಾಗುವುದೂ ಇಲ್ಲ.

ಹಾಕುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಎಲೆ-ಅಡಿಕೆ ಹಾಕುವವರಿಗಂತೂ ಇದು ಕಡ್ಡಾಯ, ಬೆರಳ ತುದಿಯ ಸುಣ್ಣ ಕಣ್ಣಿಗೆ ತಾಗಿದರೆ ಅದೇ ದೊಡ್ಡ ಅಪಾಯ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲ ಎಳೆದು, ಆಗುವ ಸಂದಿಗೆ ಒಂದೇ ಹನಿ ಬಿಡಿ. ಬಾಟ್ಲಿಯ ತುದಿ ಕಣ್ಣಿಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಹೆಚ್ಚಿನವರು ಬಿಡುವುದು ಇದನ್ನೇ. ಅಲ್ಲಿಂದ ಮೂಗಿಗೆ ಹೋಗುವ ಸಣ್ಣ ನಾಳ ಇದೆ, ಒತ್ತದಿದ್ದರೆ ಔಷಧ ಅದರ ಮೂಲಕ ಮೂಗಿಗೆ ಇಳಿದು ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಎರಡನೆಯ ಡ್ರಾಪ್ಸ್ ಇದ್ದರೆ ಐದು ನಿಮಿಷವಾದರೂ ಬಿಟ್ಟು ಹಾಕಿ, ಇಲ್ಲದಿದ್ದರೆ ಮೊದಲಿನದು ತೊಳೆದು ಹೋಗುತ್ತದೆ. ಒಂದು ಸಲ ಮರೆತರೆ ಮುಂದಿನ ಸಲ ಎರಡು ಹನಿ ಹಾಕುವ ಲೆಕ್ಕಾಚಾರ ಬೇಡ.

ಇನ್ನು ಕಿರಿಕಿರಿಗಳು. ರಾತ್ರಿ ಒಮ್ಮೆ ಹಾಕುವ ಲಟಾನೊಪ್ರೋಸ್ಟ್‌ನಿಂದ ಕಣ್ಣು ಕೆಂಪಾಗಬಹುದು, ರೆಪ್ಪೆಗೂದಲು ಉದ್ದ ಬೆಳೆಯಬಹುದು, ಸುತ್ತಲಿನ ಚರ್ಮ ಕಪ್ಪಾಗಬಹುದು. ಒಂದೇ ಕಣ್ಣಿಗೆ ಹಾಕುವವರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಡಾರ್ಜೊಲಮೈಡ್ ಹಾಕಿದ ಮೇಲೆ ಬಾಯಿ ಕಹಿ. ಬ್ರಿಮೊನಿಡಿನ್‌ನಿಂದ ಬಾಯಿ ಒಣಗುತ್ತದೆ, ನಿದ್ದೆ ಬಂದಂತಾಗುತ್ತದೆ, ಕೆಲವರಿಗೆ ತಿಂಗಳುಗಳ ಮೇಲೆ ಅಲರ್ಜಿಯೂ ಬರುತ್ತದೆ. ಈ ಬಾಟ್ಲಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು.

ಹೆದರಬೇಕಾದದ್ದು ಟಿಮೊಲೋಲ್‌ಗೆ. ಉಬ್ಬಸ ಇರುವವರಿಗೆ, ನಾಡಿ ನಿಧಾನ ಇರುವವರಿಗೆ ಅದು ಆಗುವುದಿಲ್ಲ. ಬಿಪಿಗೆ ಅಟೆನೊಲೋಲ್, ಮೆಟೊಪ್ರೊಲೋಲ್ ತಿನ್ನುವವರಿಗೆ ನಾಡಿ ಇನ್ನೂ ಇಳಿಯಬಹುದು. ಕಣ್ಣಿನ ಡಾಕ್ಟರಿಗೆ ಬಿಪಿ ಮಾತ್ರೆಯ ವಿಷಯ ಯಾಕೆ ಅಂತ ಅನಿಸಿದರೂ ಹೇಳಿ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಕೂಡಲೇ ಆಸ್ಪತ್ರೆಗೆ. ಬರೀ ಉರಿ, ಕೆಂಪು ಆದರೆ ಫೋನ್ ಮಾಡಿ ಕೇಳಿ, ಬೇರೆ ಔಷಧ ಕೊಡುತ್ತಾರೆ, ನೀವೇ ನಿಲ್ಲಿಸಬೇಡಿ.

ಮಂಗಳೂರಲ್ಲಿ ಬರೆದ ಬ್ರ್ಯಾಂಡ್ ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಸಿಗದಿದ್ದರೆ ಮೆಡಿಕಲ್‌ನವರು ಬೇರೆ ಕೊಡಬಹುದು. ಆಗ ಔಷಧದ ಹೆಸರೂ ಶೇಕಡಾವೂ ಚೀಟಿಯಲ್ಲಿದ್ದಂತೆಯೇ ಇದೆಯಾ ನೋಡಿ, ಟಿಮೊಲೋಲ್ 0.25ರದ್ದೂ ಇದೆ, 0.5ರದ್ದೂ ಇದೆ. ಬಾಟ್ಲಿ ತೆರೆದ ದಿನವನ್ನು ಪೆನ್ನಲ್ಲಿ ಅದರ ಮೇಲೇ ಬರೆದಿಡಿ, ಲೇಬಲ್ ಹೇಳಿದಷ್ಟು ದಿನ ಆದ ಮೇಲೆ ಉಳಿದಿದ್ದರೂ ಎಸೆಯಿರಿ.