ಜಿಪ್ಸಿ ಟ್ರಾನ್ಸ್‌ಫರ್ ಕೇಸ್ ಒಬ್ಬನೇ ಇಳಿಸಿ ಹತ್ತಿಸಿದ್ದು: ನನ್ನ ಅನುಭವ

ಜಿಪ್ಸಿ ಟ್ರಾನ್ಸ್‌ಫರ್ ಕೇಸು, ಅಂದ್ರೆ ಗೇರ್‌ಬಾಕ್ಸಿಂದ ಬರೋ ಶಕ್ತಿನ ಹಿಂದಿನ ಮುಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ, ಅದನ್ನ ಇಳಿಸೋದು ಒಬ್ಬನ ಕೈಲಿ ಆಗಲ್ಲ, ಲಿಫ್ಟ್ ಬೇಕು, ಕೆಳಗೆ ಇಬ್ರು ಹಿಡ್ಕೋಬೇಕು ಅಂದಿದ್ದವ್ರೇ ಈಗ ಫೋನ್ ಮಾಡಿ ಹೆಂಗ್ ಮಾಡ್ದೆ ಅಂತ ಕೇಳ್ತಾ ಇದಾರೆ, ಅದಕ್ಕೇ ಬರೀತಾ ಇದೀನಿ. ಗಾಡಿ 2004ರ ಮಾರುತಿ ಜಿಪ್ಸಿ ಕಿಂಗ್, ಫೋರ್ ವೀಲ್ ಜೀಪು, ಸಕಲೇಶಪುರದ ಹತ್ರ ನಮ್ಮ ತೋಟದಲ್ಲೇ ಓಡೋದು, ಕಾಫಿ ಕುಯ್ಲಿನ ಟೈಮಲ್ಲಿ ಅದಿಲ್ದೆ ಒಂದು ಮೂಟೆನೂ ಮೇಲಕ್ಕೆ ಬರಲ್ಲ.

ಸೌಂಡ್ ಶುರುವಾಗಿ ಎರಡು ವರ್ಷ ಆಗಿತ್ತು. ಜಿಪ್ಸಿ ಕೇಸು ಟೂ ವೀಲ್ ಹೈನಲ್ಲೂ, ಅಂದ್ರೆ ಹಿಂದಿನ ಚಕ್ರ ಮಾತ್ರ ಎಳೆಯೋ ಮಾಮೂಲಿ ಓಟದಲ್ಲೂ, ಡೈರೆಕ್ಟ್ ಅಲ್ಲ, 1.409 ರೇಶಿಯೋ, ಒಳಗೆ ಬರೋ ಶಾಫ್ಟು 1.409 ಸುತ್ತು ತಿರುಗಿದ್ರೆ ಹೊರಗೆ ಹೋಗೋದು ಒಂದು ಸುತ್ತು, ಗೇರ್ ಮೇಲೆ ಯಾವಾಗ್ಲೂ ಲೋಡ್ ಇರುತ್ತೆ, ಸ್ವಲ್ಪ ಗುಂಯ್ ಅನ್ನೋದು ಅದರ ಹುಟ್ಟುಗುಣ. ಆದ್ರೆ ಇದು ಕುಯ್ಯೋ ಅಂತ ಅಳೋ ಸೌಂಡು. ಗ್ಯಾರೇಜಲ್ಲಿ ಗೇರ್‌ಬಾಕ್ಸ್ ಅಂದ್ರು, ಬಿಚ್ಚಿದ್ರು, ಒಂಬತ್ತು ಸಾವಿರ ಹೋಯ್ತು, ಸೌಂಡ್ ಹಂಗೇ ಇತ್ತು. ಆಮೇಲೆ ಟ್ರಾನ್ಸ್‌ಫರ್ ಕೇಸು, ಇಪ್ಪತ್ತೆರಡು ಸಾವಿರ ಆಗುತ್ತೆ ಅಂದ್ರು. ಅವತ್ತೇ ತೀರ್ಮಾನ ಮಾಡ್ದೆ, ನಾನೇ ಬಿಚ್ತೀನಿ ಅಂತ. ಅದಕ್ಕೂ ಮುಂಚೆ ಒಂದು ಟೆಸ್ಟ್ ಮಾಡ್ದೆ: ಗಾಡಿ ನಿಲ್ಸಿ, ಟ್ರಾನ್ಸ್‌ಫರ್ ಕೇಸಿನ ಚಿಕ್ಕ ಲಿವರ್ ನ್ಯೂಟ್ರಲ್‌ಗೆ ಹಾಕಿ, ದೊಡ್ಡ ಗೇರ್ ಮೂರನೇದಕ್ಕೆ ಹಾಕಿ ಕ್ಲಚ್ ಬಿಟ್ರೆ ಚಕ್ರ ತಿರುಗಲ್ಲ, ಕೇಸಿನೊಳಗೆ ಗೇರ್‌ಬಾಕ್ಸ್ ಕಡೆಯ ಇನ್‌ಪುಟ್ ಶಾಫ್ಟು, ಅದು ತಿರುಗಿಸೋ ಕೌಂಟರ್ ಗೇರು ತಿರುಗುತ್ತೆ, ಚಕ್ರದ ಕಡೆಯ ಔಟ್‌ಪುಟ್ ಶಾಫ್ಟು ನಿಂತಿರುತ್ತೆ. ಸೌಂಡ್ ಬಂತು. ಅಲ್ಲಿಗೆ ಔಟ್‌ಪುಟ್ ಕಡೆ ಅಲ್ಲ ಅಂತ ಗೊತ್ತಾಯ್ತು.

ಮೊದಲನೇ ಸಲ ಜ್ಯಾಕ್ ಮೇಲೆ ಕೂರ್ಸಿ ಇಳಿಸೋಕೆ ಹೋದೆ, ಕೇಸಿನ ಅಡಿ ಸಮ ಇಲ್ಲ, ವಾಲಿ ಬಂದು ಮೊಣಕೈ ಪಕ್ಕದಲ್ಲೇ ಬಿತ್ತು, ಒಂದಿಂಚು ಆಚೀಚೆ ಆಗಿದ್ರೆ ಕೈ ಹೋಗ್ತಿತ್ತು. ಅದೇ ದಿನ ಗೇರ್‌ಬಾಕ್ಸಿಗೂ ಕೇಸಿಗೂ ಮಧ್ಯದ ಗಿಡ್ಡ ಶಾಫ್ಟ್ ಎಳೆದಾಗ ಗೇರ್‌ಬಾಕ್ಸ್ ಆಯಿಲ್ ಪೂರ್ತಿ ಎದೆ ಮೇಲೆ, ಅದು ಗೇರ್‌ಬಾಕ್ಸ್ ಒಳಗೆ ಜಾರಿ ಕೂರೋ ಶಾಫ್ಟು, ಎಳೆದ್ರೆ ಆಯಿಲ್ ಬರುತ್ತೆ ಅನ್ನೋದು ಆತುರದಲ್ಲಿ ಮರ್ತೇಹೋಗಿತ್ತು. ಈಗ ಗಾಡಿ ಮೂತಿ ತಗ್ಗಿಸಿ ನಿಲ್ಲಿಸ್ತೀನಿ, ಎಳೆದ ತಕ್ಷಣ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕ್ತೀನಿ, ಒಂದು ಲೋಟದಷ್ಟೂ ಚೆಲ್ಲಲ್ಲ.

ಎರಡನೇ ಸಲ ಗೆದ್ದಿದ್ದು ಪೈಪಿನಿಂದ. ಸ್ಪ್ರಿಂಕ್ಲರ್ ಲೈನಿನ ಹಳೇ ಜಿಐ ಪೈಪು, ಒಂದೂವರೆ ಇಂಚಿಂದು, ಎರಡೂ ಡೋರ್ ತೆಗ್ದು ಅಡ್ಡ ಹಾಕಿ ಎರಡೂ ಕಡೆ ದಿಮ್ಮಿ ಮೇಲೆ ಕೂರಿಸ್ದೆ, ಚಿಕ್ಕ ಲಿವರ್ ಬಿಚ್ಚಿದ್ಮೇಲೆ ಆಗೋ ತೂತಲ್ಲಿ ಲಾರಿ ಲೋಡ್ ಕಟ್ಟೋ ರ‍್ಯಾಚೆಟ್ ಬೆಲ್ಟ್ ಇಳಿಬಿಟ್ಟು ಕೇಸಿಗೆ ಸುತ್ತಿ ಬಿಗಿದೆ. ಸ್ಪೀಡೋಮೀಟರ್ ಕೇಬಲ್, ಸ್ವಿಚ್ ವೈರ್, ಶಾಫ್ಟ್‌ಗಳು, ಕೇಸನ್ನ ಚಾಸಿಗೆ ಹಿಡಿದಿರೋ ಮೂರು ರಬ್ಬರ್ ಮೌಂಟಿಂಗ್, ಎಲ್ಲ ಬಿಚ್ಚಿದ್ರೂ ಕೇಸು ತೊಟ್ಟಿಲು ತೂಗಿದಂಗೆ ತೂಗ್ತಾ ಇತ್ತು. ಕೆಳಗೆ ಜ್ಯಾಕ್ ಬರೀ ಕಾವಲಿಗೆ. ಬೆಲ್ಟ್ ಎಲ್ಲಿ ಸುತ್ತಿದ್ರೆ ಕೇಸು ವಾಲಲ್ಲ ಅನ್ನೋದಕ್ಕೆ ನಾನು ಮೂರು ಗಂಟೆ ಕಳೆದಿದೀನಿ, ಅದನ್ನ ಇಲ್ಲಿ ಬರೆಯಲ್ಲ, ತೋಟಕ್ಕೆ ಬನ್ನಿ ಕಾಫಿ ಕುಡೀತಾ ತೋರಿಸ್ತೀನಿ.

ಬಿಚ್ಚಿ ನೋಡಿದ್ರೆ ಇನ್‌ಪುಟ್ ಬೇರಿಂಗಿನ ಟ್ರ್ಯಾಕ್ ಮೇಲೆ ಸಿಡುಬಿನ ಕಲೆ ತರ ಸಣ್ಣ ಸಣ್ಣ ಗುಳಿ, ಉಗುರು ಎಳೆದ್ರೆ ಸಿಕ್ಕಾಕೊಳ್ತಿತ್ತು. ಕಾರಣ ಬ್ರೀದರ್, ಕೇಸಿನೊಳಗಿನ ಗಾಳಿ ಹೊರಗೆ ಹೋಗೋ ತೂತು. ಅದರೊಳಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ಒಣಗಿ ಕಲ್ಲಾಗಿತ್ತು, ಗಾಳಿ ಆಡದೆ ಬಿಸಿಗೆ ಪ್ರೆಶರ್ ಕಟ್ಟಿ ಸೀಲಿಂದ ಆಯಿಲ್ ಹೊರಗೆ, ಆಯಿಲ್ ಇಲ್ದೆ ಬೇರಿಂಗ್ ಹೋಯ್ತು. ಎರಡು ವರ್ಷದಲ್ಲಿ ಎಷ್ಟು ಸೀಲ್ ಬದಲಾಯಿಸಿದ್ರು, ಬ್ರೀದರ್ ಒಬ್ರೂ ನೋಡ್ಲಿಲ್ಲ, ಅದು ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಒಂದು ಪೈಪ್ ಎಳೆದು ಬಾನೆಟ್ ಒಳಗೆ ಮೇಲಕ್ಕೆ ಕಟ್ಟಿದೀನಿ, ಬಾಯಿಗೆ ಪೆಟ್ರೋಲ್ ಫಿಲ್ಟರ್ ಹಾಕಿದೀನಿ.

ಒಳಗಿನ ಕೆಲಸ ಎಲ್ರಿಗೂ ಗೊತ್ತಿರೋದೇ. ಒಂದು ಮಾತು, ಶಿಫ್ಟ್ ಶಾಫ್ಟಿನ ಬಾಲು ಸ್ಪ್ರಿಂಗು ಬಿಚ್ಚುವಾಗ ಕೆಳಗೆ ತಟ್ಟೆ ಇಟ್ಕೊಳ್ಳಿ. ನಂದೊಂದು ಬಾಲ್ ಹಾರಿ ಕಣದ ಮೂಲೆಗೆ ಹೋಗಿ, ರಾತ್ರಿ ಹತ್ತರ ತನಕ ಮ್ಯಾಗ್ನೆಟ್ ಹಿಡ್ಕೊಂಡು ಹುಡುಕಿದೀನಿ.

ಹತ್ತಿಸೋದರಲ್ಲೇ ಜಾಸ್ತಿ ಜನ ಎಡವೋದು. ನಾನೂ ಮೊದ್ಲು ಮೂರು ಮೌಂಟಿಂಗ್ ಬಿಗಿದು ಆಮೇಲೆ ಶಾಫ್ಟ್ ಹಾಕ್ದೆ, ಸ್ಪೀಡ್ ನಲವತ್ತು ದಾಟಿದ್ರೆ ಸೀಟೆಲ್ಲ ನಡುಗ್ತಿತ್ತು. ಮಧ್ಯದ ಶಾಫ್ಟ್ ಗಿಡ್ಡ, ಕೇಸು ಸ್ವಲ್ಪ ಸೊಟ್ಟ ಕೂತ್ರೂ ಅದು ಸಹಿಸಲ್ಲ. ಬಿಚ್ಚೋ ಮುಂಚೆ ಶಾಫ್ಟ್ ಬೋಲ್ಟ್ ಆಗೋ ತಟ್ಟೆಗಳಿಗೆ, ಅಂದ್ರೆ ಫ್ಲೇಂಜ್‌ಗಳಿಗೆ, ಪೇಂಟ್ ಗುರುತು ಹಾಕಿರ್ಬೇಕು, ಹತ್ತಿಸುವಾಗ ಮೌಂಟಿಂಗ್ ಬೋಲ್ಟ್ ಬೆರಳಲ್ಲಿ ಮಾತ್ರ ಹತ್ತಿಸಿ, ಶಾಫ್ಟೆಲ್ಲ ಗುರುತಿಗೆ ಕೂರ್ಸಿ ಬಿಗಿದು, ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲಿಟ್ಟು ಚಕ್ರ ಕೈಯಲ್ಲಿ ನಾಲ್ಕು ಸುತ್ತು ತಿರುಗ್ಸಿ, ಕೇಸು ತನ್ನ ಜಾಗ ತಾನೇ ಹುಡುಕ್ಕೊಂಡ ಮೇಲೆ ಕೊನೇಲಿ ಮೌಂಟಿಂಗ್ ಬಿಗೀಬೇಕು. ಬೋಲ್ಟ್ ಬಿಗಿಯೋ ಕ್ರಮದಲ್ಲಿ ನಂದೇ ಒಂದು ಲೆಕ್ಕ ಇದೆ, ಅದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ಮಧ್ಯೆ ಒಂದು ಪ್ರಯೋಗನೂ ಆಯ್ತು, ಲಾರಿ ಟೈರ್ ಕುಯ್ದು ಮೌಂಟಿಂಗ್ ಬುಷ್ ಮಾಡ್ದೆ, ಖರ್ಚು ಸೊನ್ನೆ. ಗಟ್ಟಿ ಅಂದ್ರೆ ಗಟ್ಟಿ, ಆದ್ರೆ ಲಿವರ್ ಜೀರುಂಡೆ ತರ ಕಿರುಗುಡೋದು, ಒಂದು ವಾರಕ್ಕೆ ತೆಗ್ದು ಹೊಸ ರಬ್ಬರ್ ಹಾಕ್ದೆ.

ಖರ್ಚು ನೆನಪಿದ್ದಂಗೆ: ಬೇರಿಂಗ್ ಮೂರು ಸಾವಿರ ಚಿಲ್ಲರೆ, ಸೀಲ್ ಓ ರಿಂಗ್ ಏಳೆಂಟು ನೂರು, ಮೌಂಟಿಂಗ್ ಒಂದೂವರೆ ಸಾವಿರ, 80ಡಬ್ಲ್ಯೂ90 ಗೇರ್ ಆಯಿಲ್, ಜಾಯಿಂಟಿಗೆ ಹಚ್ಚೋ ಅನಾಬಾಂಡ್ ಪೇಸ್ಟು ಎಲ್ಲ ಸೇರಿ ಆರು ಸಾವಿರದ ಆಸುಪಾಸು. ಕೇಸಿಗೆ ಹಿಡಿಯೋದು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಈಗ ಇಳಿಸೋಕೆ ಎರಡೂವರೆ ಗಂಟೆ, ಹತ್ತಿಸೋಕೆ ಮೂರು.

ಎಲ್ಲ ಸರಿಯಾಗಿ ಹತ್ತಿಸಿದ ಮಾರನೇ ದಿನ ಬಿಸಿಲೆ ಘಾಟಿ ಇಳಿದು ಹತ್ತಿದೆ, ಆಮೇಲೆ ಹತ್ತು ಮೂಟೆ ಕಾಫಿ ಹಾಕಿ ಲೋ ಗೇರಲ್ಲಿ ಕೆರೆ ಏರಿ ಹತ್ತಿಸ್ದೆ, ಪಕ್ಕದಲ್ಲಿ ಕೂತಿದ್ದ ನಮ್ಮ ಮೇಸ್ತ್ರಿ "ಅಯ್ಯಾ, ಈಗ ಇಂಜಿನ್ ಸೌಂಡ್ ಕೇಳ್ತದೆ ನೋಡಿ" ಅಂದ. ಎಂಟುನೂರು ಕಿಲೋಮೀಟರ್ ಆದ್ಮೇಲೆ ಮೌಂಟಿಂಗ್ ಇನ್ನೊಂದ್ಸಲ ಬಿಗಿದೆ, ಕಾಲು ಸುತ್ತು ಹಿಡೀತು. ಕೇಸಿನ ಅಡಿ ಇವತ್ತಿಗೂ ಒಣಗಿದೆ. ಮುಂದಿನ ವಾರ ಪಕ್ಕದ ತೋಟದ ಜಿಪ್ಸಿ ಬರ್ತಾ ಇದೆ, ಪೈಪು ಶೆಡ್ಡಲ್ಲೇ ಇಟ್ಟಿದೀನಿ.