ದಿನಕ್ಕೆ ಒಂದೇ ಮನೆ

ನಮ್ಮ ಕಡೆಯ ಹಳೆಯ ಮನೆ, ವಸ್ತುಸಂಗ್ರಹಾಲಯಗಳನ್ನು ನೋಡಲು ಮೊದಲ ಸಲ ಹೊರಟಾಗ ಒಂದೇ ದಿನದಲ್ಲಿ ನಾಲ್ಕು ಕಡೆ ಹೋಗಿದ್ದೆ. ಬೆಳಿಗ್ಗೆ ಕುಂದಾಪುರದಲ್ಲಿ ಬಸ್ ಹತ್ತಿ ಮಣಿಪಾಲದ ಹಸ್ತಶಿಲ್ಪ, ಅಲ್ಲಿಂದ ಮೂಡುಬಿದಿರೆಯ ಚೌಟರ ಅರಮನೆ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್, ಕೊನೆಗೆ ಬಿಜೈಯ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯ. ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ, "ಏನೇನು ನೋಡಿದೆ?" ಎಂದು ಕೇಳಿದಳು. ಕಂಬ, ಬಾಗಿಲು, ಚಿತ್ರ ಎಂಬುದರಾಚೆಗೆ ಒಂದು ಮಾತೂ ಹೊರಡಲಿಲ್ಲ. ಮೊಬೈಲಿನಲ್ಲಿ ಇನ್ನೂರು ಫೋಟೋಗಳಿದ್ದವು. ಯಾವ ಕಂಬ ಯಾವ ಮನೆಯದೆಂದು ಹೇಳಲು ನನ್ನಿಂದ ಆಗಲಿಲ್ಲ.

ಅಂದೇ ಎರಡು ನಿಯಮ ಮಾಡಿಕೊಂಡೆ. ದಿನಕ್ಕೆ ಒಂದೇ ಮನೆ. ಜೊತೆಗೆ ಅಮ್ಮ.

ಅಮ್ಮನಿಗೆ ಎಪ್ಪತ್ತನಾಲ್ಕು. ಗದ್ದೆಯಲ್ಲಿ ನೆಟ್ಟು, ಕೊಯ್ದು, ಬತ್ತ ಕುಟ್ಟಿ ಬೆಳೆದವಳು. ವಸ್ತುಸಂಗ್ರಹಾಲಯದೊಳಗೆ ಕಾಲಿಟ್ಟವಳೇ ಅಲ್ಲ. ಮುಂದಿನ ಎರಡನೇ ಶನಿವಾರ ಅವಳನ್ನು ಕರೆದುಕೊಂಡು ಮತ್ತೆ ಹಸ್ತಶಿಲ್ಪಕ್ಕೇ ಹೋದೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು, ಮಣಿಪಾಲದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ ಜಾಗ ಅದು. ಕುಕನೂರಿನ ಕಮಲ ಮಹಲಿದೆ, ಭಟ್ಕಳದ ನವಾಯತ ಮುಸ್ಲಿಮರ ಮನೆಯಿದೆ, ಮಿಯಾರಿನ ಮನೆಯಿದೆ. ಮೊದಲ ಸಲ ನಾನು ಮಹಲುಗಳ ಬಣ್ಣಕ್ಕೆ ಮರುಳಾಗಿದ್ದೆ. ಅಮ್ಮ ಅವುಗಳನ್ನು ನೋಡಿ ತಲೆದೂಗಿ ಮುಂದೆ ನಡೆದಳು. ಅವಳು ನಿಂತದ್ದು ಹರ್ಕೂರಿನ 'ಒಳಗಿನ ಮನೆ' ಎಂಬ ಹೆಸರಿನ ಮನೆಯಲ್ಲಿ, ನಮ್ಮ ಕುಂದಾಪುರದ ಕಡೆಯದೇ ಆದ ಮನೆಯಲ್ಲಿ.

"ಇಲ್ಲಿ ಕುಳಿತರೆ ಅಂಗಳಕ್ಕೆ ಯಾರು ಬಂದರೂ ಕಾಣುತ್ತದೆ, ಬಂದವರಿಗೆ ಅಡುಗೆಮನೆ ಕಾಣುವುದಿಲ್ಲ" ಎಂದಳು. ನಾನು ಅವಳು ಹೇಳಿದ ಕಡೆ ಕುಳಿತು ನೋಡಿದೆ. ಹೌದು. ಮನೆ ಕಟ್ಟಿಸಿದವರ ಲೆಕ್ಕಾಚಾರ ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ಅಲ್ಲಿಯವರೆಗೆ ಆ ಮನೆ ನನ್ನ ಕಣ್ಣಿಗೆ ಬರೀ ಕೆತ್ತನೆಯಾಗಿತ್ತು. ಕುಂಜೂರಿನ ಚೌಕಿ ಮನೆಯ ಒಳಅಂಗಳದಲ್ಲಿ ಅವಳು ಮಾಡನ್ನು, ಅಂದರೆ ಚಾವಣಿಯನ್ನು ನೋಡಿ, ಮಳೆಗಾಲದಲ್ಲಿ ಸೂರಿನ ನೀರಿಗೆ ಹಂಡೆ ಇಡುತ್ತಿದ್ದುದನ್ನು ಹೇಳಿದಳು. ನಾಲ್ಕೂ ಕಡೆಯ ನೀರು ನಡುವಿಗೇ ಬೀಳುವ ಮನೆಯಲ್ಲಿ ಆಷಾಢದ ಸದ್ದು ಹೇಗಿರುತ್ತದೆ ಎಂಬುದನ್ನು ಯಾವ ಫಲಕವೂ ಬರೆಯುವುದಿಲ್ಲ.

ಆಮೇಲಿನ ಎರಡು ವರ್ಷ ಹೀಗೆಯೇ ನಡೆಯಿತು. ಹೋಗುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ, ಏಕೆಂದರೆ ವಾರದ ರಜೆ ಒಂದೊಂದು ಕಡೆ ಒಂದೊಂದು ದಿನ, ಮಧ್ಯಾಹ್ನ ಬಾಗಿಲು ಹಾಕುವ ಕಡೆಗಳೂ ಇವೆ. ಚೀಲದಲ್ಲಿ ಒಂದು ಟಾರ್ಚು, ನೀರು, ಗೆರೆಯಿಲ್ಲದ ಪುಸ್ತಕ, ಪೆನ್ಸಿಲ್. ಟಾರ್ಚು ಕಂಬದ ಬುಡ ನೋಡಲು. ಹಳೆಯ ಮನೆಗಳಲ್ಲಿ ಬೆಳಕು ಸಾಲುವುದಿಲ್ಲ. ಫೋಟೋ ತೆಗೆಯುವುದನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಒಂದು ವಸ್ತುವನ್ನು ಕೆಟ್ಟದಾಗಿಯಾದರೂ ಬರೆದರೆ ಅದರ ಹಿಡಿ ಎಲ್ಲಿದೆ, ಯಾವ ಕಡೆ ಸವೆದಿದೆ ಎಂದು ನೋಡಲೇಬೇಕಾಗುತ್ತದೆ. ಚಿತ್ರದ ಪಕ್ಕದಲ್ಲಿ ಅಮ್ಮ ಹೇಳುವ ಹೆಸರು. ತೆಂಗಿನಕಾಯಿ ತುರಿಯುವ ಹೆರೆಮಣೆ, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಬತ್ತ ಅಳೆಯುವ ಕಳಸಿಗೆ, ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ.

ಮೂಡುಬಿದಿರೆಗೆ ಬರುವವರು ಸಾವಿರ ಕಂಬದ ಬಸದಿ ನೋಡಿ ಹಿಂತಿರುಗುತ್ತಾರೆ. ಚೌಟರ ಅರಮನೆ ಅದೇ ಊರಿನಲ್ಲಿದೆ. ಅಲ್ಲಿ ಈಗಲೂ ಮನೆತನದವರು ವಾಸವಾಗಿದ್ದಾರೆ ಎಂಬುದನ್ನು ಮರೆಯಬಾರದು. ಅದು ಒಬ್ಬರ ಮನೆ. ಹೊರಗೆ ನಿಂತು ಕೇಳಿ, ಅವರು ಬನ್ನಿ ಎಂದ ಮೇಲೆಯೇ ಒಳಗೆ ಹೋಗಬೇಕು, ತೋರಿಸಿದಷ್ಟನ್ನು ನೋಡಬೇಕು. ಉಳ್ಳಾಲದ ರಾಣಿ ಅಬ್ಬಕ್ಕ ಹುಟ್ಟಿದ ವಂಶ ಇದು. ಅಲ್ಲಿನ ಮರದ ಕಂಬದಲ್ಲಿ ನವನಾರಿ ಕುಂಜರ ಇದೆ. ನಾಲ್ಕು ಹೆಜ್ಜೆ ದೂರದಿಂದ ಅದು ಆನೆ. ಹತ್ತಿರ ಹೋದರೆ ಆನೆ ಮಾಯವಾಗಿ ಒಂಬತ್ತು ಹೆಂಗಸರು, ಒಬ್ಬರಿಗೊಬ್ಬರು ಒರಗಿ, ಬಾಗಿ, ಹೆಣೆದುಕೊಂಡಿದ್ದಾರೆ. ಅಮ್ಮ ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಆಡಿಸುತ್ತ ಎಣಿಸಿದಳು. ಮೊದಲು ಏಳು ಸಿಕ್ಕರು. ಟಾರ್ಚು ಹಿಡಿದು ಮುಖಗಳನ್ನೇ ಹುಡುಕಿ ಎಣಿಸಿದಾಗ ಒಂಬತ್ತು ಆಯಿತು. ಐವರು ಹೆಂಗಸರು ಸೇರಿ ಕುದುರೆಯಾಗಿರುವ ಪಂಚನಾರಿ ತುರಗಕ್ಕೂ ಹಾಗೆಯೇ ಹೊತ್ತು ಹಿಡಿಯಿತು. ಮೊದಲ ಭೇಟಿಯಲ್ಲಿ ನಾನು ಇವೆರಡನ್ನೂ ಫೋಟೋ ತೆಗೆದಿದ್ದೆ, ಎಣಿಸಿರಲಿಲ್ಲ.

ಅಲೋಶಿಯಸ್ ಚಾಪೆಲಿಗೆ ಅಮ್ಮ ಬರುತ್ತಾಳೋ ಇಲ್ಲವೋ ಎಂಬ ಅನುಮಾನವಿತ್ತು. ಬಂದಳು. ಇಟಲಿಯ ಆಂಟೋನಿಯೋ ಮೊಸ್ಕೇನಿ ಎಂಬ, ಜೆಸ್ವಿಟ್ ಎಂಬ ಕ್ರೈಸ್ತ ಸಂನ್ಯಾಸಿ ಸಭೆಯ ಸಹೋದರ 1899ರಿಂದ ಸುಮಾರು ಎರಡು ವರ್ಷ ಅಲ್ಲಿನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳಲ್ಲಿ ಫ್ರೆಸ್ಕೋ ಇವೆ, ಅಂದರೆ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚುವ ಕೆಲಸ. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನದಲ್ಲಿ ಮುಗಿಸಬಹುದಾದಷ್ಟೇ ಗಾರೆ ಬಳಿಯಬೇಕು. ಇದನ್ನು ವಿವರಿಸಿದಾಗ ಅಮ್ಮ, "ನೆಲ ಸಾರಿಸಿ ಹಸಿ ಆರುವುದರೊಳಗೆ ರಂಗೋಲಿ ಹಾಕಿದ ಹಾಗೆ" ಎಂದಳು. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಇಂದಿಗೂ ಬಂದಿಲ್ಲ. ಅಲ್ಲಿ ಬೆಂಚುಗಳಿರುವುದು ದೊಡ್ಡ ಅನುಕೂಲ. ಕತ್ತೆತ್ತಿ ನಿಂತು ನೋಡಿದರೆ ಹತ್ತು ನಿಮಿಷಕ್ಕೆ ಸಾಕಾಗುತ್ತದೆ, ಕುಳಿತರೆ ಒಂದು ಗಂಟೆ ನೋಡಬಹುದು.

ಬಿಜೈಯ ವಸ್ತುಸಂಗ್ರಹಾಲಯದಲ್ಲಿ ನನಗೆ ಒಳಗಿನ ಸಂಗ್ರಹಕ್ಕಿಂತ ಮನೆಯೇ ಇಷ್ಟ. ಕರ್ನಲ್ ಮಿರಾಜ್‌ಕರ್ ಹಡಗಿನ ಆಕಾರದಲ್ಲಿ ಕಟ್ಟಿದ್ದ ಮನೆಯನ್ನು ತಾಯಿಯ ಹೆಸರಿನಲ್ಲಿ ಕೊಟ್ಟರು. 1960ರಿಂದ ಅದು ವಸ್ತುಸಂಗ್ರಹಾಲಯ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ಈಗ ನಾಣ್ಯ ಸಂಗ್ರಹಾಲಯವಾಗಿದೆ. 1906ರಲ್ಲಿ ಅವರು ಮುಂದೆ ನಿಂತು ಶುರುಮಾಡಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಮೊದಲ ದಿನ ಅದರ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟವರ ಬಗ್ಗೆ ನನಗೆ ಬಹಳ ಗೌರವ.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ಒಂದು ಊರಿನ ಸಂಗ್ರಹಾಲಯದಲ್ಲಿ ಗೋಡೆಗೆ ಗೊರಬನ್ನು ತೂಗುಹಾಕಿ, ಕೆಳಗೆ "ಬುಟ್ಟಿ" ಎಂದು ಚೀಟಿ ಅಂಟಿಸಿದ್ದರು. ಗೊರಬು ಮಳೆಯಲ್ಲಿ ನೇಜಿ, ಅಂದರೆ ಬತ್ತದ ಸಸಿ, ನೆಡುವ ಹೆಂಗಸರು ತಲೆಯಿಂದ ಸೊಂಟದವರೆಗೆ ಹೊದೆಯುತ್ತಿದ್ದ ಗೂಡು. ಬಿದಿರ ಸೀಳುಗಳ ಹೆಣಿಗೆ, ನಡುವೆ ಎಲೆಯ ಪದರ. ಎರಡೂ ಕೈ ಬಿಡುವಾಗಿರುತ್ತವೆ, ಬೆನ್ನು ನೆನೆಯುವುದಿಲ್ಲ. ಅಮ್ಮ ಆ ಚೀಟಿಯನ್ನು ಎರಡು ಸಲ ಓದಿಸಿದಳು. ಮೇಜಿನ ಹಿಂದೆ ಇದ್ದ ಹುಡುಗನನ್ನು ಕರೆದು, "ಅದನ್ನು ಒಮ್ಮೆ ಇಳಿಸು ಮಗಾ" ಎಂದಳು.

"ಮುಟ್ಟುವ ಹಾಗಿಲ್ಲ ಅಮ್ಮಾ."

"ಸರಿ, ಇಳಿಸಬೇಡ. ನನ್ನನ್ನು ನೋಡು."

ಎರಡೂ ಕೈಗಳನ್ನು ಮಂಡಿಯ ಕೆಳಗೆ ಚಾಚಿ ಬಾಗಿ ನಿಂತಳು. ಎಡಗೈಯಲ್ಲಿ ನೇಜಿಯ ಕಟ್ಟು ಇದ್ದಂತೆ, ಬಲಗೈಯ ಹೆಬ್ಬೆರಳು ಕೆಸರಿಗೆ ಇಳಿದಂತೆ. ಒಂದು ಹೆಜ್ಜೆ ಹಿಂದಕ್ಕೆ, ಮತ್ತೊಂದು ಹೆಜ್ಜೆ ಹಿಂದಕ್ಕೆ. ಹುಡುಗ ಅವಳ ಬೆನ್ನನ್ನು ನೋಡಿದ, ಗೋಡೆಯನ್ನು ನೋಡಿದ. ಚೀಟಿಯನ್ನು ಅವನೇ ಕಿತ್ತ. ಹೊಸದನ್ನು ಬರೆಯುವಾಗ ಅಮ್ಮ ಅವನ ಪಕ್ಕ ಕುಳಿತು ಒಂದೊಂದೇ ಮಾತು ಹೇಳಿದಳು.

ಅಂದಿನಿಂದ ನಾನು ಮೇಲ್ವಿಚಾರಕರೊಡನೆ ಮಾತನಾಡದೆ ಹೊರಬರುವುದಿಲ್ಲ. ಗೊತ್ತಿದ್ದುದನ್ನು ಹೇಳಿದರೆ ಅವರು ಸಂತೋಷಪಡುತ್ತಾರೆ. ಎಷ್ಟೋ ಸಲ ಬೀಗ ಹಾಕಿದ್ದ ಕೋಣೆಯ ಬೀಗದ ಕೈ ಹೊರಬರುತ್ತದೆ. ನಮ್ಮ ಕಡೆಯ ಸಂಗ್ರಹಾಲಯಗಳಲ್ಲಿ ವಸ್ತುಗಳಿಗೆ ಕೊರತೆಯಿಲ್ಲ. ಅವುಗಳನ್ನು ಹಿಡಿದು ದುಡಿದವರು ಬಂದು ಹೇಳುತ್ತಿಲ್ಲ ಎಂಬುದೇ ಕೊರತೆ. ಹಾಗಾಗಿ ಯಾರಾದರೂ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ಯಾರನ್ನು ಕರೆದುಕೊಂಡು ಹೋಗುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ.

ಕಳೆದ ತಿಂಗಳು ಗಡಿ ದಾಟಿ ಮಂಜೇಶ್ವರಕ್ಕೆ ಹೋಗಿದ್ದೆವು. ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಿದ್ದ ಜಾಗದ ಸ್ಮಾರಕಕ್ಕೆ ಅವರ ಕವನಸಂಗ್ರಹದ ಹೆಸರನ್ನೇ ಇಟ್ಟಿದ್ದಾರೆ: ಗಿಳಿವಿಂಡು. 1956ರಲ್ಲಿ ಆ ಊರು ಕೇರಳಕ್ಕೆ ಸೇರಿತು. ಪೈಗಳು 1963ರಲ್ಲಿ ತೀರಿಕೊಂಡರು. ದಾರಿಯ ಅಂಗಡಿಗಳ ಫಲಕಗಳಲ್ಲಿ ಮಲಯಾಳ, ಕನ್ನಡ ಎರಡೂ ಇದ್ದವು. ಅಮ್ಮ ಕನ್ನಡದ್ದನ್ನೆಲ್ಲ ಬಸ್ಸಿನ ಕಿಟಕಿಯಿಂದ ಜೋರಾಗಿ ಓದುತ್ತ ಬಂದಳು. ಮುಂದಿನ ಎರಡನೇ ಶನಿವಾರಕ್ಕೆ ಪುತ್ತೂರಿನಲ್ಲಿ ಕಾರಂತರು ಬದುಕಿದ್ದ ಬಾಲವನ. ಊಟದ ಬುತ್ತಿಗೆ ಏನು ಕಟ್ಟಬೇಕೆಂದು ಅಮ್ಮ ಆಗಲೇ ನಿರ್ಧರಿಸಿದ್ದಾಳೆ.